ಮೊದಲ ವಿದೇಶಿ ಬೇಟೆ: ಖರ್ಚೂ ತಾಪತ್ರಯವೂ ಕಡಿಮೆ ಇರುವ ದೇಶ ಯಾವುದು?

ಓದುಗರ ಪ್ರಶ್ನೆಗಳು ಮತ್ತು ಉತ್ತರಗಳು

ಪ್ರಶ್ನೆ: ಹಲವು ವರ್ಷಗಳಿಂದ ಪರವಾನಗಿ ಪಡೆದು ಬೇಟೆಯಾಡುತ್ತಿರುವ ನಾನು ಇದುವರೆಗೆ ದೇಶದ ಗಡಿ ದಾಟಿ ಬೇಟೆಗೆ ಹೋದವನಲ್ಲ. ಈಗ ಒಂದು ವಾರದ ಪ್ರವಾಸಕ್ಕೆ ಹಣ ಕೂಡಿಸಿದ್ದೇನೆ. ಆಫ್ರಿಕಾ, ಹಂಗೇರಿ, ನ್ಯೂಜಿಲೆಂಡ್, ಅರ್ಜೆಂಟೀನಾ, ಹೀಗೆ ಎಲ್ಲ ಕಡೆಯ ಜಾಹೀರಾತುಗಳೂ ತಮ್ಮದೇ ಅಗ್ಗ, ತಮ್ಮದೇ ಸುಲಭ ಎನ್ನುತ್ತವೆ. ನನ್ನಂಥವನು ಮೊದಲು ಎಲ್ಲಿಗೆ ಹೋಗುವುದು ಒಳ್ಳೆಯದು?

ಉತ್ತರ: ಒಂದೇ ದೇಶದ ಹೆಸರು ಹೇಳಬೇಕೆಂದರೆ ನಾನು ನಮೀಬಿಯಾ ಎನ್ನುತ್ತೇನೆ. ಅಲ್ಲಿಯೂ ಬಯಲು ಪ್ರದೇಶದ ಹುಲ್ಲೆಗಳ ಬೇಟೆಗೆ, ಅಂದರೆ ಓರಿಕ್ಸ್, ಕುಡು, ಸ್ಪ್ರಿಂಗ್‌ಬಾಕ್, ಹಾರ್ಟಿಬೀಸ್ಟ್ ಹಾಗೂ ವಾರ್ಟ್‌ಹಾಗ್ ಎಂಬ ಕಾಡುಹಂದಿಯ ಬೇಟೆಗೆ, ಅಲ್ಲಿಯ ರೈಫಲನ್ನೇ ಬಾಡಿಗೆಗೆ ಪಡೆದು ಹೋಗುವುದು ಮೊದಲ ಪ್ರವಾಸಕ್ಕೆ ಎಲ್ಲ ದೃಷ್ಟಿಯಿಂದಲೂ ಹೊಂದುತ್ತದೆ. ಈ ಉತ್ತರಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ, ಏಕೆಂದರೆ ಖರ್ಚನ್ನೂ ತೊಂದರೆಯನ್ನೂ ನಿರ್ಧರಿಸುವುದು ದೇಶದ ಹೆಸರಿಗಿಂತ ಹೆಚ್ಚಾಗಿ ಬೇರೆ ಮೂರು ಸಂಗತಿಗಳು: ನೀವು ಯಾವ ಪ್ರಾಣಿಯನ್ನು ಬಯಸುತ್ತೀರಿ, ನಿಮ್ಮ ಕೋವಿಯನ್ನು ಜೊತೆಗೆ ಒಯ್ಯುತ್ತೀರಾ, ಕೊಂಬು ಮತ್ತು ಚರ್ಮವನ್ನು ಮನೆಗೆ ತರುತ್ತೀರಾ. ಈ ಮೂರನ್ನೂ ತೀರ್ಮಾನಿಸಿಕೊಳ್ಳದೆ ದರಪಟ್ಟಿ ಹಿಡಿದು ಕುಳಿತರೆ ಜಾಹೀರಾತಿನಲ್ಲಿ ಅಗ್ಗವಾಗಿ ಕಂಡದ್ದು ಕೊನೆಯ ಬಿಲ್ಲಿನಲ್ಲಿ ಎರಡು ಪಟ್ಟಾಗುವುದು ತೀರಾ ಸಾಮಾನ್ಯ.

ಪ್ರಾಣಿಯ ವಿಷಯವನ್ನೇ ಮೊದಲು ನೋಡಿ. ಆಫ್ರಿಕಾದಲ್ಲಿ ಬೇಟೆಯ ಶುಲ್ಕ ಎರಡು ಭಾಗವಾಗಿರುತ್ತದೆ. ವಸತಿ, ಊಟ, ಮಾರ್ಗದರ್ಶಿ, ವಾಹನ, ಹೆಜ್ಜೆಗುರುತು ಹಿಡಿಯುವವರು, ಇಷ್ಟಕ್ಕೆ ಸೇರಿ ದಿನಕ್ಕಿಷ್ಟು ಎಂದು ಒಂದು ದರ; ಹೊಡೆದ ಪ್ರಾಣಿಯೊಂದಕ್ಕೆ ಇಷ್ಟು ಎಂದು ಇನ್ನೊಂದು ದರ. ಸ್ಪ್ರಿಂಗ್‌ಬಾಕ್‌ಗೆ ಕೆಲವು ನೂರು ಡಾಲರ್ ಆದರೆ ಕುಡು ಅಥವಾ ಓರಿಕ್ಸ್‌ಗೆ ಸಾವಿರದ ಆಚೀಚೆ, ಕೆಲವೆಡೆ ಅದಕ್ಕಿಂತ ಗಣನೀಯವಾಗಿ ಹೆಚ್ಚು ಕೊಡಬೇಕಾಗುತ್ತದೆ. ಕಾಡೆಮ್ಮೆಗೆ ಹೋದರೆ ಲೆಕ್ಕ ಹತ್ತು ಸಾವಿರದ ಮೇಲೆಯೇ ಆರಂಭವಾಗುವುದು ರೂಢಿ. ಪಾಕಿಸ್ತಾನದ ಗಿಲ್ಗಿಟ್-ಬಾಲ್ಟಿಸ್ತಾನದಲ್ಲಿ ಹರಾಜಾಗುವ, ಮಾರ್ಖೋರ್ ಎಂಬ ಕಾಡುಮೇಕೆಯ ಬೇಟೆಯ ಪರವಾನಗಿಯೊಂದಕ್ಕೆ ಲಕ್ಷ ಡಾಲರಿಗೂ ಮೀರಿ ಬೆಲೆ ಬಂದಿದೆ. ಹುಲ್ಲೆಗಳ ಬೇಟೆ ಇವೆಲ್ಲಕ್ಕಿಂತ ಅಗ್ಗವೆಂದ ಮಾತ್ರಕ್ಕೆ ಅದರ ಸ್ವಾರಸ್ಯ ಕಡಿಮೆಯೇನಲ್ಲ. ಮುಳ್ಳುಪೊದೆಗಳ ನಡುವೆ ಬೂದು ಬಣ್ಣದ ಗಂಡು ಕುಡು ನಿಂತಲ್ಲೇ ನಿಂತರೆ, ಜೊತೆಗಾರ ಬೆರಳು ತೋರಿಸಿದರೂ ಕೊಂಬಿನ ಸುರುಳಿ ಕಣ್ಣಿಗೆ ಬೀಳಲು ಎಷ್ಟೋ ಹೊತ್ತು ಬೇಕಾಗುತ್ತದೆ.

ಇನ್ನು ನಮೀಬಿಯಾವೇ ಏಕೆ? ಅಲ್ಲಿ 1975ರ ನಿಸರ್ಗ ಸಂರಕ್ಷಣಾ ಶಾಸನ ಖಾಸಗಿ ಜಮೀನುದಾರರಿಗೆ ತಮ್ಮ ನೆಲದ ಬೇಟೆಪ್ರಾಣಿಗಳ ಮೇಲೆ ಹಕ್ಕು ನೀಡಿತು. 1996ರ ತಿದ್ದುಪಡಿ ಸಾಮುದಾಯಿಕ ಭೂಮಿಯಲ್ಲಿ ಬದುಕುವ ಜನರಿಗೂ ತಮ್ಮದೇ ಸಂರಕ್ಷಣಾ ಸಂಘಗಳ ಮೂಲಕ ಅದೇ ಬಗೆಯ ಹಕ್ಕನ್ನು ಕೊಟ್ಟಿತು. ಜಾನುವಾರು ಮೇಯುವ ಹೊಲಗಳಲ್ಲೇ ಹುಲ್ಲೆಗಳೂ ಮೇಯುತ್ತಿರುವುದರಿಂದ ಬೇಟೆಗಾರನನ್ನು ಕರೆಸಿಕೊಳ್ಳುವುದು ಅಲ್ಲಿ ಕೃಷಿಕುಟುಂಬದ ಆದಾಯದ ಒಂದು ಭಾಗವಾಗಿದೆ. ಹೀಗಾಗಿ ಆತಿಥೇಯರ ಸಂಖ್ಯೆ ದೊಡ್ಡದು, ದರದಲ್ಲಿ ಪೈಪೋಟಿಯಿದೆ, ಅನೇಕ ಕಡೆ ಜಮೀನಿನ ಮಾಲೀಕನೇ ಪರವಾನಗಿ ಪಡೆದ ಮಾರ್ಗದರ್ಶಿಯೂ ಆಗಿರುತ್ತಾನೆ. ಟ್ರೋಫಿ ಬೇಟೆಯ, ಅಂದರೆ ಕೊಂಬು ಚರ್ಮಗಳನ್ನು ನೆನಪಿಗೆ ಇರಿಸಿಕೊಳ್ಳುವ ಬೇಟೆಯ, ಋತು ಫೆಬ್ರವರಿ 1ರಿಂದ ನವೆಂಬರ್ 30ರವರೆಗೆ ಇರುವುದರಿಂದ ರಜೆ ಹೊಂದಿಸಿಕೊಳ್ಳುವುದೂ ಸುಲಭ. ಆದರೂ ಮೇ ತಿಂಗಳಿಂದ ಸೆಪ್ಟೆಂಬರ್ ನಡುವಿನ ಒಣ ಚಳಿಗಾಲವೇ ಮೇಲು: ಹುಲ್ಲು ಬಾಡಿ ನೋಟ ತೆರೆದುಕೊಳ್ಳುತ್ತದೆ, ಪ್ರಾಣಿಗಳು ನೀರಿನ ತಾಣಕ್ಕೆ ಬರುವುದು ಹೆಚ್ಚುತ್ತದೆ. ಮಲೇರಿಯಾದ ಕಾಟ ಹೆಚ್ಚಾಗಿ ಉತ್ತರ ಮತ್ತು ಈಶಾನ್ಯದ ಪ್ರದೇಶಗಳಿಗೆ ಸೇರಿದ್ದು. ರಾಜಧಾನಿ ವಿಂಡ್‌ಹುಕ್ ಸುತ್ತಲಿನ ಹಾಗೂ ದಕ್ಷಿಣದ ಒಣ ಬಯಲಿನಲ್ಲಿ ಆ ಚಿಂತೆ ತೀರ ಕಡಿಮೆ. ಬೇಟೆಯ ಪರವಾನಗಿಯನ್ನು ನಿಮ್ಮ ಹೆಸರಿನಲ್ಲಿ ಮುಂಚಿತವಾಗಿ ಮಾಡಿಸುವ ಹೊಣೆ ಆತಿಥೇಯನದು. ಅದರ ಪ್ರತಿಯನ್ನು ಮೊದಲ ಈಡು ಹೊಡೆಯುವ ಮುನ್ನವೇ ಕೇಳಿ ಕಣ್ಣಾರೆ ನೋಡಿ. ಕೇಳಿದ್ದಕ್ಕೆ ಸರಿಯಾದ ಆತಿಥೇಯ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದಕ್ಷಿಣ ಆಫ್ರಿಕಾವೂ ಇದಕ್ಕೆ ಸರಿಸಮವಾಗಿ ನಿಲ್ಲುವ ದೇಶವೇ. ಪ್ರಾಣಿಜಾತಿಗಳ ವೈವಿಧ್ಯ ಅಲ್ಲಿ ಇನ್ನೂ ಹೆಚ್ಚು, ವಿಮಾನ ಸಂಪರ್ಕ ಉತ್ತಮ, ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಮಲೇರಿಯಾ ಇಲ್ಲ. ವಿದೇಶಿ ಬೇಟೆಗಾರನ ಜೊತೆ ಪ್ರಾಂತ್ಯದ ಪರವಾನಗಿಯುಳ್ಳ ವೃತ್ತಿಪರ ಬೇಟೆಗಾರನೊಬ್ಬ ಇರಲೇಬೇಕೆಂಬ ನಿಯಮವೂ ಹೊಸಬನಿಗೆ ಅನುಕೂಲವೇ. ಆದರೆ ಅಲ್ಲಿಯ ಬೇಟೆ ಬಹುಪಾಲು ಬೇಲಿಯೊಳಗಿನ ಜಮೀನುಗಳಲ್ಲಿ ನಡೆಯುತ್ತದೆ. ಬೇಲಿ ಇದ್ದ ಮಾತ್ರಕ್ಕೆ ಬೇಟೆ ಕೆಟ್ಟದಾಗುವುದಿಲ್ಲ. ಹತ್ತಾರು ಸಾವಿರ ಎಕರೆಯ ಆವರಣದಲ್ಲಿ ಮೃಗ ತನ್ನ ಪಾಡಿಗೆ ಹುಟ್ಟಿ ಬೆಳೆದು ತಪ್ಪಿಸಿಕೊಳ್ಳಬಲ್ಲದು. ಕೆಲವೇ ನೂರು ಎಕರೆಯಲ್ಲಿ ವಾರದ ಹಿಂದೆ ಲಾರಿಯಿಂದ ಇಳಿಸಿದ ಪ್ರಾಣಿಯನ್ನು ಹೊಡೆಯುವುದು ಬೇರೆಯೇ ವಿಷಯ. ಆದ್ದರಿಂದ ಜಮೀನಿನ ವಿಸ್ತೀರ್ಣ ಎಷ್ಟು, ನೀವು ಬಯಸುವ ಪ್ರಾಣಿ ಅಲ್ಲೇ ಹುಟ್ಟಿ ಬೆಳೆದದ್ದೇ, ಈ ಎರಡನ್ನೂ ಬರಹದಲ್ಲೇ ಕೇಳಿ ತಿಳಿದುಕೊಳ್ಳಿ.

ಯುರೋಪಿನಲ್ಲಿ ಹಂಗೇರಿಯ ಕೆಂಪು ಜಿಂಕೆ, ರೋ ಜಿಂಕೆ ಮತ್ತು ಕಾಡುಹಂದಿಗಳು ಹೆಸರಾದವು. ಸೋವು ಹಾಕಿ, ಅಂದರೆ ಗದ್ದಲ ಮಾಡಿ, ಹಂದಿ ಎಬ್ಬಿಸುವ ಬೇಟೆಯಲ್ಲಿ ಬಿಲ್ಲಿಗೆ (ಕೋವಿಗಾರ ಕಾದು ನಿಲ್ಲುವ ಜಾಗಕ್ಕೆ) ನಿಂತು ಅಭ್ಯಾಸವಿದ್ದವರಿಗೆ ಅಲ್ಲಿಯ ಚಳಿಗಾಲದ ದಿನಗಳು ಬಹಳ ಹಿಡಿಸುತ್ತವೆ. ಎಚ್ಚರ ಬೇಕಾದದ್ದು ಗಂಡು ಜಿಂಕೆಯ ವಿಷಯದಲ್ಲಿ. ಅಲ್ಲಿ ಶುಲ್ಕ ನಿಗದಿಯಾಗುವುದು ಕೊಂಬಿನ ತೂಕದ ಮೇಲೆ: ಕೆಂಪು ಜಿಂಕೆಗೆ ಕಿಲೋ ಲೆಕ್ಕ, ರೋ ಜಿಂಕೆಗೆ ಗ್ರಾಂ ಲೆಕ್ಕ. ಸಂಜೆಯ ಮಬ್ಬಿನಲ್ಲಿ ಸಾಧಾರಣವೆಂದು ಕಂಡ ಕೊಂಬು ಬೇಯಿಸಿ ತೂಗಿದಾಗ ಮುಂದಿನ ದರಕ್ಕೆ ಜಿಗಿದರೆ ಆ ವ್ಯತ್ಯಾಸ ನೀವೇ ಕೊಡಬೇಕು. ಬಿಗಿಯಾದ ಲೆಕ್ಕ ಇಟ್ಟುಕೊಂಡು ಹೊರಟವರು ಗರಿಷ್ಠ ತೂಕವನ್ನು ಮಾರ್ಗದರ್ಶಿಗೆ ಮೊದಲೇ ಸ್ಪಷ್ಟವಾಗಿ ಹೇಳಿ, ಅನುಮಾನವಿದ್ದರೆ ಕೋವಿಯ ಕುದುರೆ (ಟ್ರಿಗರ್) ಎಳೆಯುವುದೇ ಬೇಡವೆಂದು ಒಪ್ಪಂದ ಮಾಡಿಕೊಳ್ಳಬೇಕು. ಅರ್ಜೆಂಟೀನಾದ ಲಾ ಪಂಪಾ ಪ್ರಾಂತ್ಯದ ಕೆಂಪು ಜಿಂಕೆ ಮಾರ್ಚ್-ಏಪ್ರಿಲ್‌ನಲ್ಲಿ ಕೂಗುವ ಕಾಲಕ್ಕೆ ಚೆಂದ, ಆದರೆ ಬಹುತೇಕ ಜನರಿಗೆ ವಿಮಾನದ ದರವೇ ದೊಡ್ಡ ಹೊರೆಯಾಗುತ್ತದೆ.

ಈಗ ಯಾವ ದೇಶಕ್ಕೆ ಹೋದರೂ ಅನ್ವಯಿಸುವ ಲೆಕ್ಕದ ಮಾತು. ದರಪಟ್ಟಿ ಬಂದ ಕೂಡಲೇ ಅದರಲ್ಲಿ ಇಲ್ಲದ್ದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ವಿಮಾನ ನಿಲ್ದಾಣದಿಂದ ಕರೆತರುವ ವೆಚ್ಚ, ಮೌಲ್ಯವರ್ಧಿತ ತೆರಿಗೆ, ರೈಫಲ್ ಬಾಡಿಗೆ ಮತ್ತು ಗುಂಡಿನ ಬೆಲೆ, ಜೊತೆಗೆ ಬಂದ ಬೇಟೆಯಾಡದವರ ದಿನದ ದರ, ಕೆಲಸದವರಿಗೆ ಕೊಡುವ ಭಕ್ಷೀಸು, ಚರ್ಮ ಉಪ್ಪು ಹಾಕಿ ಒಣಗಿಸಿ ಪೆಟ್ಟಿಗೆ ಕಟ್ಟುವ ಖರ್ಚು, ಇವುಗಳಲ್ಲಿ ಎಷ್ಟೋ ಬಾಬತ್ತುಗಳು ಸಣ್ಣ ಅಕ್ಷರದಲ್ಲಿರುತ್ತವೆ ಅಥವಾ ಇರುವುದೇ ಇಲ್ಲ. ನಮೀಬಿಯಾ, ದಕ್ಷಿಣ ಆಫ್ರಿಕಾ ಎರಡರಲ್ಲೂ ಈ ತೆರಿಗೆ ಶೇಕಡಾ 15 ಇದ್ದು, ಉಲ್ಲೇಖಿಸಿದ ದರದಲ್ಲಿ ಅದು ಸೇರಿದೆಯೇ ಎಂದು ಕೇಳುವುದು ಕಡ್ಡಾಯ. ಇದಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ. ಆಫ್ರಿಕಾದ ಬೇಟೆಯಲ್ಲಿ ನೆಲದ ಮೇಲೆ ರಕ್ತ ಕಂಡರೆ, ಗಾಯಗೊಂಡ ಮೃಗ ಸಿಗದೆ ಹೋದರೂ, ಅದರ ಪೂರ್ತಿ ಶುಲ್ಕ ಕೊಡಬೇಕು. ಇದು ನ್ಯಾಯವಾದ ನಿಯಮವೆಂದೇ ನನ್ನ ಅಭಿಪ್ರಾಯ, ಆದರೆ ಹಣ ಉಳಿಸಬೇಕೆನ್ನುವವರು ಗುರಿಯ ಅಭ್ಯಾಸಕ್ಕೆ ಎಷ್ಟು ಸಮಯ ಕೊಡಬೇಕೆಂಬುದನ್ನೂ ಅದು ಹೇಳುತ್ತದೆ.

ಅಲ್ಲಿ ಮರಸು ಕುಳಿತು, ಅಂದರೆ ಮರೆಯಲ್ಲಿ ಅಡಗಿ ಕಾದು, ಕಟ್ಟೆಯ ಮೇಲೆ ಕೋವಿ ಊರಿ ಹೊಡೆಯುವ ಅವಕಾಶ ಕಡಿಮೆ. ಹೆಚ್ಚಿನ ಈಡುಗಳು ಎದ್ದುನಿಂತು, ಮೂರು ಕಾಲಿನ ಕೋಲಿನ ಮೇಲೆ ರೈಫಲ್ ಇರಿಸಿ, ನೂರರಿಂದ ಇನ್ನೂರು ಮೀಟರ್ ದೂರಕ್ಕೆ ಹೊಡೆಯುವಂಥವು. ಮಾರ್ಗದರ್ಶಿ ಕೋಲನ್ನು ನೆಟ್ಟ ಕ್ಷಣದಿಂದ ಹುಲ್ಲೆ ಮರೆಯಾಗುವವರೆಗೆ ನಿಮಗೆ ಸಿಗುವುದು ಕೆಲವೇ ಸೆಕೆಂಡು. ಆದ್ದರಿಂದ ಹೊರಡುವ ಮುಂಚಿನ ತಿಂಗಳುಗಳಲ್ಲಿ ಅಂಥದೇ ಕೋಲನ್ನು ತರಿಸಿಕೊಂಡು, ಗುಂಡಿಲ್ಲದೆಯಾದರೂ ಸರಿ, ಪ್ರತಿದಿನ ಎತ್ತಿ ಇರಿಸಿ ಗುರಿ ಹಿಡಿಯುವುದನ್ನು ರೂಢಿ ಮಾಡಿಕೊಳ್ಳಿ. ಇನ್ನೊಂದು ಮಾತು: ಆಫ್ರಿಕಾದ ಹುಲ್ಲೆಗಳ ಹೃದಯ ಮತ್ತು ಶ್ವಾಸಕೋಶ, ಜಿಂಕೆಯನ್ನು ಹೊಡೆದು ಅಭ್ಯಾಸವಾದವರು ಎಣಿಸುವುದಕ್ಕಿಂತ ಮುಂದಕ್ಕೂ ಕೆಳಕ್ಕೂ ಇರುತ್ತವೆ. ಪಕ್ಕಕ್ಕೆ ತಿರುಗಿ ನಿಂತ ಪ್ರಾಣಿಯ ಮುಂಗಾಲಿನ ನೇರಕ್ಕೆ ಕಣ್ಣು ಹಾಯಿಸುತ್ತ ಮೇಲೆ ಬಂದು, ಮೈಯ ಎತ್ತರದ ಮೂರನೇ ಒಂದು ಭಾಗದಲ್ಲಿ ಗುರಿ ನಿಲ್ಲಿಸಬೇಕು. ಭುಜದ ಹಿಂದೆ ಹೊಡೆಯುವ ಹಳೆಯ ರೂಢಿಯಿಂದಾಗಿ ಗಾಯಗೊಂಡು ಕಿಲೋಮೀಟರುಗಟ್ಟಲೆ ಓಡಿದ ಓರಿಕ್ಸ್‌ಗಳ ಕಥೆ ಪ್ರತಿಯೊಬ್ಬ ಮಾರ್ಗದರ್ಶಿಯ ಬಳಿಯೂ ಇರುತ್ತದೆ.

ಮುಂಗಡ ಕೊಡುವ ಮೊದಲು ಇತ್ತೀಚೆಗೆ ಅಲ್ಲಿ ಬೇಟೆಯಾಡಿದ ಇಬ್ಬರು ಮೂವರ ಸಂಪರ್ಕ ಕೇಳಿ, ಅವರಲ್ಲಿ ಬರಿಗೈಯಲ್ಲಿ ಮರಳಿದವರು ಒಬ್ಬರಾದರೂ ಇರಲಿ. ಆತಿಥೇಯನ ಗುಣ ತಿಳಿಯುವುದು ಅಂಥವರಿಂದಲೇ. ಬೇಟೆಯ ಕಾನೂನು ಕೆಲವೊಮ್ಮೆ ಹಠಾತ್ತನೆ ಬದಲಾಗುತ್ತದೆ ಎಂಬುದನ್ನೂ ನೆನಪಿಡಿ. ಕೆನ್ಯಾ 1977ರಲ್ಲಿ ಬೇಟೆಯನ್ನು ನಿಷೇಧಿಸಿದ್ದು ಹಾಗೆಯೇ ಉಳಿದಿದೆ, ಬೋಟ್ಸ್‌ವಾನಾ 2014ರಲ್ಲಿ ನಿಲ್ಲಿಸಿ 2019ರಲ್ಲಿ ನಿಷೇಧ ತೆಗೆದುಹಾಕಿತು. ಸರ್ಕಾರದ ಆದೇಶದಿಂದ ಪ್ರವಾಸ ರದ್ದಾದರೆ ಮುಂಗಡ ಹಿಂದಿರುಗುತ್ತದೆಯೇ ಎಂಬ ಷರತ್ತು ಕರಾರಿನಲ್ಲಿ ಇರಬೇಕು.

ಪ್ರಶ್ನೆ: ನನ್ನ ರೈಫಲಿನ ಮೇಲೆ ನನಗೆ ಇರುವ ನಂಬಿಕೆ ಬಾಡಿಗೆ ಕೋವಿಯ ಮೇಲೆ ಬರುವುದಿಲ್ಲ. ಅದನ್ನು ಒಯ್ಯುವುದು ನಿಜಕ್ಕೂ ಅಷ್ಟು ಕಷ್ಟವೇ?

ಉತ್ತರ: ನಿಮ್ಮ ಭಾವನೆ ಸಹಜವಾದದ್ದು. ಕೈಗೆ ಪಳಗಿದ ಕೋವಿ ಬೇಟೆಯ ಅರ್ಧ ಸುಖ. ಗುರಿ ಸೇರುವ ದೇಶದಲ್ಲಿ ಕಷ್ಟ ದೊಡ್ಡದಲ್ಲ. ನಮೀಬಿಯಾದಲ್ಲಿ ವಿಮಾನ ಇಳಿದ ಮೇಲೆ ಪೊಲೀಸರ ಮೇಜಿನ ಬಳಿ ಅರ್ಜಿ ತುಂಬಿ, ಕೋವಿಯ ಸರಣಿ ಸಂಖ್ಯೆ ತಾಳೆ ನೋಡಿಸಿ ತಾತ್ಕಾಲಿಕ ಆಮದು ಪರವಾನಗಿ ಪಡೆಯಬಹುದು. ಕೈಬಂದೂಕಿಗೆ ಮತ್ತು ಅರೆ-ಸ್ವಯಂಚಾಲಿತ ಕೋವಿಗೆ ಅಲ್ಲಿ ಅವಕಾಶವಿಲ್ಲ. ಗುಂಡಿನ ಶಕ್ತಿಗೂ ಅಲ್ಲಿ ಕನಿಷ್ಠ ಮಿತಿಗಳಿವೆ: ಸ್ಪ್ರಿಂಗ್‌ಬಾಕ್‌ನಂಥವಕ್ಕೆ 1350 ಜೂಲ್, ಕುಡು ಮತ್ತು ಓರಿಕ್ಸ್‌ಗೆ 2700 ಜೂಲ್, ಕಾಡೆಮ್ಮೆಯಂಥ ದೊಡ್ಡ ಮೃಗಗಳಿಗೆ 5400 ಜೂಲ್. .308 ಅಥವಾ .30-06 ಅಳತೆಯ ಗುಂಡು ಹಾರಿಸುವ ಕೋವಿ ಇದ್ದವರಿಗೆ ಹುಲ್ಲೆಗಳ ಮಟ್ಟಿಗೆ ಚಿಂತೆಯಿಲ್ಲ.

ದಕ್ಷಿಣ ಆಫ್ರಿಕಾದಲ್ಲಿ ಪೊಲೀಸ್ ಇಲಾಖೆಯ 520 ಸಂಖ್ಯೆಯ ಅರ್ಜಿ ಇದೆ. ಅದನ್ನು ಕಪ್ಪು ಶಾಯಿಯಲ್ಲೇ ತುಂಬಬೇಕು, ಆದರೆ ಸಹಿಯನ್ನು ಮನೆಯಲ್ಲೇ ಹಾಕಿಕೊಂಡು ಹೋಗಬಾರದು. ಅಲ್ಲಿಯ ಅಧಿಕಾರಿಯ ಎದುರಿನಲ್ಲೇ ಹಾಕಬೇಕು. ಜೊತೆಗೆ ಕೋವಿ ನಿಮ್ಮದೆನ್ನುವ ದಾಖಲೆ, ಆತಿಥೇಯರ ಆಹ್ವಾನ ಪತ್ರ, ಪಾಸ್‌ಪೋರ್ಟ್ ಪ್ರತಿ, ಹಿಂದಿರುಗುವ ಟಿಕೆಟ್ ಇರಬೇಕು. ಇಷ್ಟು ಸಣ್ಣ ವಿಷಯದಲ್ಲಿ ತಪ್ಪಿದವರು ಜೋಹಾನ್ಸ್‌ಬರ್ಗ್ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯುವುದುಂಟು.

ನಿಜವಾದ ತಾಪತ್ರಯ ದಾರಿಯಲ್ಲಿದೆ. ವಿಮಾನಗಳಲ್ಲಿ ಕೋವಿಯನ್ನು ಖಾಲಿ ಮಾಡಿ, ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಬೇಕು, ಗುಂಡುಗಳು ಒಬ್ಬರಿಗೆ 5 ಕಿಲೋಗ್ರಾಂ ಮೀರುವಂತಿಲ್ಲ. ಇದು ಅಂತರರಾಷ್ಟ್ರೀಯ ನಿಯಮ. ಅದರ ಮೇಲೆ ಪ್ರತಿಯೊಂದು ವಿಮಾನ ಸಂಸ್ಥೆಗೂ ತನ್ನದೇ ಷರತ್ತು, ಮುಂಗಡ ಸೂಚನೆಯ ಅವಧಿ, ಶುಲ್ಕ ಇವೆ. ಕೋವಿಯನ್ನು ಒಪ್ಪಿಕೊಳ್ಳದ ಸಂಸ್ಥೆಗಳೂ ಇವೆ. ನಡುವೆ ಇನ್ನೊಂದು ದೇಶದಲ್ಲಿ ವಿಮಾನ ಬದಲಿಸುವಾಗ, ಅದರಲ್ಲೂ ರಾತ್ರಿ ತಂಗಬೇಕಾಗಿ ಬಂದು ಸಾಮಾನು ಕೈಗೆ ಬಂದರೆ, ಆ ದೇಶದ ಪರವಾನಗಿಯೂ ಬೇಕಾಗಬಹುದು. ಒಂದೇ ಟಿಕೆಟ್‌ನಲ್ಲಿ, ಸಾಧ್ಯವಾದಷ್ಟು ಕಡಿಮೆ ನಿಲುಗಡೆಯ ದಾರಿ ಹಿಡಿಯುವುದಾದರೆ ಮಾತ್ರ ಕೋವಿ ಒಯ್ಯಿರಿ. ಇಲ್ಲವಾದರೆ ಬಾಡಿಗೆ ಕೋವಿಯ ಮಾದರಿ, ಅದರ ಮೇಲಿನ ಗುರಿ ಹಿಡಿಯುವ ದೂರದರ್ಶಕದ ವಿವರ, ಗುಂಡಿನ ತೂಕವನ್ನು ಮೊದಲೇ ಬರೆಸಿಕೊಂಡು, ಬೇಟೆಯ ಮೊದಲ ದಿನ ಅದರಿಂದ ಗುರಿಹಲಗೆಗೆ ಹತ್ತಾರು ಸುತ್ತು ಹೊಡೆದು ನೋಡಿ. ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜಿಂಕೆಯನ್ನು ಹೊಂಚಿ ಹೋಗುವ ಬೇಟೆಗೆ ಎಸ್ಟೇಟಿನ ರೈಫಲನ್ನೇ, ಅದರ ಪರವಾನಗಿದಾರನ ಸಮಕ್ಷಮದಲ್ಲಿ ಬಳಸುವುದಕ್ಕೆ ಬ್ರಿಟನ್ನಿನ ಕಾನೂನು ಅವಕಾಶ ಕೊಡುತ್ತದೆ. ಸ್ವಂತ ಕೋವಿ ತರುವವರು ಮಾತ್ರ ಅಲ್ಲಿರುವ ಪ್ರಾಯೋಜಕರೊಬ್ಬರ ಮೂಲಕ ಪೊಲೀಸರಿಂದ ಸಂದರ್ಶಕ ಪರವಾನಗಿ ಪಡೆಯಬೇಕಾಗುತ್ತದೆ.

ಪ್ರಶ್ನೆ: ಮಾರ್ಗದರ್ಶಿ, ದಿನದ ದರ ಎಂಬುದೊಂದೂ ಇಲ್ಲದೆ, ಬೆನ್ನಿಗೆ ಚೀಲ ಏರಿಸಿಕೊಂಡು ನಾವೇ ಹೋಗಿ ಬೇಟೆಯಾಡುವ ದೇಶ ಇದೆಯೇ? ನಾವು ಇಬ್ಬರು ಗೆಳೆಯರು, ಬೆಟ್ಟ ಹತ್ತುವ ಅಭ್ಯಾಸವಿದೆ.

ಉತ್ತರ: ಇದೆ, ಅದು ನ್ಯೂಜಿಲೆಂಡ್. ಬಾವಲಿಗಳನ್ನು ಬಿಟ್ಟರೆ ಆ ದೇಶಕ್ಕೆ ನೆಲದ ಮೇಲಿನ ಸ್ತನಿಗಳೇ ಸ್ವಂತವಾಗಿರಲಿಲ್ಲ. ಕೆಂಪು ಜಿಂಕೆಯನ್ನು ಯುರೋಪಿನಿಂದ ಬಂದು ನೆಲೆಸಿದವರು ತಂದುಬಿಟ್ಟರು. 1904ರಲ್ಲಿ ಹಿಮಾಲಯದ ತಾರ್ ಎಂಬ ಕಾಡುಮೇಕೆಯೂ, 1905ರಲ್ಲಿ ಅಮೆರಿಕದ ವಾಪಿಟಿ ಜಿಂಕೆಯೂ, 1907ರಲ್ಲಿ ಆಸ್ಟ್ರಿಯಾದ ಶಾಮ್ವಾ ಮೇಕೆಯೂ ಬಂದವು. ಇವು ಬೆಳೆದು ಹೆಚ್ಚಿ ಅಲ್ಲಿಯ ಗಿಡಗಂಟಿಗಳನ್ನೇ ಮೇದು ಮುಗಿಸುತ್ತಿರುವುದರಿಂದ ಸಾರ್ವಜನಿಕ ಭೂಮಿಯ ಬಹುಭಾಗದಲ್ಲಿ ಜಿಂಕೆ ಬೇಟೆಗೆ ಋತುವಿನ ಕಟ್ಟುಪಾಡೂ ಇಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯೂ ಇಲ್ಲ. ಸಂರಕ್ಷಣಾ ಇಲಾಖೆಯ ಬೇಟೆ ಪರವಾನಗಿ ಉಚಿತವಾಗಿ ಸಿಗುತ್ತದೆ, ಮಾರ್ಗದರ್ಶಿ ಕಡ್ಡಾಯವಲ್ಲ, ಮಾಂಸವೂ ನಿಮ್ಮದೇ. ಹಣದ ದೃಷ್ಟಿಯಿಂದ ಇದನ್ನು ಸೋಲಿಸುವ ಏರ್ಪಾಡು ಇನ್ನೊಂದು ನನಗೆ ಗೊತ್ತಿಲ್ಲ.

ಬೆಲೆ ತೆರುವುದು ಕಾಲುಗಳು ಮತ್ತು ಸಮಯ. ಸದರ್ನ್ ಆಲ್ಪ್ಸ್ ಪರ್ವತಗಳಲ್ಲಿ ತಾರ್ ಇರುವ ಎತ್ತರಕ್ಕೆ ಏರಲು ಒಂದು ದಿನವೇ ಬೇಕಾಗಬಹುದು, ಹವೆ ಗಂಟೆಗೊಂದು ಬಗೆಯಾಗುತ್ತದೆ, ಮಳೆ ಬಂದರೆ ಹೊಳೆ ದಾಟಲಾಗದೆ ಗುಡಿಸಿಲಲ್ಲೇ ಎರಡು ದಿನ ಕಳೆಯಬೇಕಾಗುತ್ತದೆ. ತುರ್ತು ಸಂಕೇತ ಕಳುಹಿಸುವ ಉಪಕರಣ ಇಲ್ಲದೆ ಹೊರಡಲೇಬೇಡಿ. ಜಿಂಕೆ ಕೂಗುವ ಮಾರ್ಚ್ ಕೊನೆ-ಏಪ್ರಿಲ್ ಕಾಲದಲ್ಲಿ ಹೆಸರಾದ ಕಣಿವೆಗಳು ಚೀಟಿ ಎತ್ತಿ ಹಂಚಿಕೆಯಾಗುವುದರಿಂದ, ಮೊದಲ ಸಲ ಹೋಗುವವರು ಆ ಗದ್ದಲ ತಪ್ಪಿಸಿ ಮೇ ಅಥವಾ ಜೂನ್‌ನಲ್ಲಿ ತಾರ್ ಬೇಟೆಗೆ ಹೋಗುವುದು ಮೇಲು. ಆಗ ಗಂಡಿನ ಕೇಸರ ತುಂಬಿ ಬಂದಿರುತ್ತದೆ. ಕೋವಿ ಬಳಸುವವರು ಸಂದರ್ಶಕ ಪರವಾನಗಿಗೆ ಕೆಲವು ತಿಂಗಳು ಮೊದಲೇ ಅರ್ಜಿ ಹಾಕಿಕೊಳ್ಳಬೇಕು. ಬೂಟು, ಗುಡಾರ, ಚೀಲಗಳಲ್ಲಿ ಮಣ್ಣಿನ ಕಣವೂ ಬೀಜವೂ ಇಲ್ಲದಂತೆ ತೊಳೆದು ಒಣಗಿಸಿ, ನಿಲ್ದಾಣದ ಅರ್ಜಿಯಲ್ಲಿ ಅವುಗಳನ್ನು ತಪ್ಪದೆ ಘೋಷಿಸಿ. ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ. ಬೇಲಿಯೊಳಗೆ ಸಾಕಿದ, ಕೊಂಬಿನ ಅಂಕದ ಮೇಲೆ ಬೆಲೆ ಕಟ್ಟಿದ ದೊಡ್ಡ ಜಿಂಕೆಗಳ ಬೇಟೆಯೂ ಅದೇ ದೇಶದಲ್ಲಿದೆ, ಅದು ಅಗ್ಗವೂ ಅಲ್ಲ, ನೀವು ಕೇಳಿದ ಬೇಟೆಯೂ ಅಲ್ಲ.

ಪ್ರಶ್ನೆ: ಕೊಂಬು, ಚರ್ಮ ಮನೆಗೆ ತರುವ ಖರ್ಚು ಬೇಟೆಯಷ್ಟೇ ಆಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಸಣ್ಣ ಬೇಟೆಯ ಮಟ್ಟಿಗೆ ನಿಜವಾಗಿಬಿಡಬಹುದು. ಸುಲಿದ ಚರ್ಮದ ಕಿವಿ ತಿರುವಿ, ತುಟಿ ಸೀಳಿ, ಕೊಬ್ಬು ತೆಗೆದು, ಉಪ್ಪು ತಿಕ್ಕಿ ನೆರಳಿನಲ್ಲಿ ಒಣಗಿಸಬೇಕು. ತಲೆಬುರುಡೆ ಬೇಯಿಸಿ ಸ್ವಚ್ಛ ಮಾಡಬೇಕು. ಆಮೇಲೆ ಕ್ರಿಮಿನಾಶಕದಲ್ಲಿ ಅದ್ದಿ, ಪಶುವೈದ್ಯರ ಪ್ರಮಾಣಪತ್ರ ಪಡೆದು, ಪೆಟ್ಟಿಗೆಗೆ ತುಂಬಿ ಸರಕು ವಿಮಾನ ಏರಿಸಬೇಕು, ನಿಮ್ಮ ಕಡೆ ಕಸ್ಟಮ್ಸ್ ಬಿಡಿಸಿಕೊಳ್ಳಬೇಕು. ಪ್ರತಿ ಹಂತಕ್ಕೂ ಪ್ರತ್ಯೇಕ ಬಿಲ್ಲು, ಎಲ್ಲ ಮುಗಿಯುವುದಕ್ಕೆ ತಿಂಗಳುಗಳು. ತಲೆಯನ್ನು ಅಲ್ಲಿಯೇ ಟ್ಯಾಕ್ಸಿಡರ್ಮಿ ಮಾಡಿಸಿದರೆ, ಅಂದರೆ ಚರ್ಮದ ಒಳಗೆ ತುಂಬಿ ಜೀವಂತದಂತೆ ಕಾಣುವ ಹಾಗೆ ಮಾಡಿಸಿದರೆ, ಪೆಟ್ಟಿಗೆ ದೊಡ್ಡದಾಗಿ ಸಾಗಣೆ ವೆಚ್ಚ ಏರುತ್ತದೆ. ಒಣ ಚರ್ಮವಾಗಿ ತರಿಸಿ ಮನೆಯ ಬಳಿ ಮಾಡಿಸಿದರೆ ಸಾಗಣೆ ಕಡಿಮೆ. ಇಬ್ಬರು ಮೂವರು ಒಂದೇ ಪೆಟ್ಟಿಗೆಯಲ್ಲಿ ಕಳುಹಿಸುವುದು ಒಳ್ಳೆಯ ಉಳಿತಾಯ.

ಎಲ್ಲಕ್ಕಿಂತ ಮೊದಲು ನಿಮ್ಮ ದೇಶದ ಆಮದು ಕಾನೂನು ಏನೆನ್ನುತ್ತದೆ ಎಂದು ಲಿಖಿತವಾಗಿ ತಿಳಿದುಕೊಳ್ಳಿ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ, 1975ರಲ್ಲಿ ಜಾರಿಗೆ ಬಂದ ಸೈಟಿಸ್ ಒಪ್ಪಂದದ ಅನುಬಂಧಗಳಲ್ಲಿರುವ ಪ್ರಾಣಿಗಳಿಗೆ ರಫ್ತು ಪರವಾನಗಿ ಬೇಕು, ಮೊದಲ ಅನುಬಂಧದಲ್ಲಿದ್ದರೆ ಆಮದು ಪರವಾನಗಿಯೂ ಬೇಕು. ಕುಡು, ಓರಿಕ್ಸ್, ಸ್ಪ್ರಿಂಗ್‌ಬಾಕ್ ಆ ಪಟ್ಟಿಯಲ್ಲಿಲ್ಲ. ಹಾರ್ಟ್‌ಮನ್ ಬೆಟ್ಟದ ಜೀಬ್ರಾ ಎರಡನೇ ಅನುಬಂಧದಲ್ಲಿದೆ. ಒಪ್ಪಂದ ಅನುಮತಿಸಿದ್ದನ್ನೂ ದೇಶವೊಂದು ತಡೆಯಬಹುದು: ಆಸ್ಟ್ರೇಲಿಯಾ ಮತ್ತು ಫ್ರಾನ್ಸ್ 2015ರಲ್ಲೇ ಸಿಂಹದ ಟ್ರೋಫಿಗಳ ಆಮದು ನಿಲ್ಲಿಸಿದವು. ಬಿಗಿ ಲೆಕ್ಕದವರಿಗೆ ನನ್ನ ಸಲಹೆ ಇಷ್ಟೇ: ಒಂದೇ ಒಂದು ಕೊಂಬಿನ ಜೋಡಿಯನ್ನು ಆರಿಸಿಕೊಂಡು ಉಳಿದದ್ದನ್ನು ಚಿತ್ರದಲ್ಲಿ ಇರಿಸಿಕೊಳ್ಳಿ. ಮಾಂಸ ಹೇಗೂ ಅಲ್ಲಿಯೇ ಉಳಿದು ಅಲ್ಲಿಯವರ ಅಡುಗೆಮನೆ ಸೇರುತ್ತದೆ.

ಪ್ರಶ್ನೆ: ಕಾಡೆಮ್ಮೆಗಿಂತ ಕಡಿಮೆ ಬೆಲೆಗೆ, ವಾರದೊಳಗೆ ಸಿಂಹ ಖಚಿತ ಎನ್ನುವ ದಕ್ಷಿಣ ಆಫ್ರಿಕಾದ ಜಾಹೀರಾತೊಂದು ಬಂದಿದೆ. ಒಪ್ಪಿಕೊಳ್ಳಬಹುದೇ?

ಉತ್ತರ: ದಯವಿಟ್ಟು ಒಪ್ಪಿಕೊಳ್ಳಬೇಡಿ. ಅಷ್ಟು ಕಡಿಮೆ ಬೆಲೆಗೆ, ಅಷ್ಟು ಕಡಿಮೆ ದಿನಗಳಲ್ಲಿ, ಅಷ್ಟು ಖಚಿತವಾಗಿ ಸಿಗುವುದು ಆವರಣದಲ್ಲಿ ಸಾಕಿ ಬೆಳೆಸಿದ ಸಿಂಹ ಮಾತ್ರ. ಕಾಡಿನ ಸಿಂಹದ ಹೆಜ್ಜೆ ಹಿಡಿದು ಎರಡು ಮೂರು ವಾರ ಅಲೆದರೂ ಬರಿಗೈಯಲ್ಲಿ ಮರಳುವವರೇ ಬಹಳ. ಸಾಕಿದ ಸಿಂಹಗಳ ಈ ಉದ್ಯಮವನ್ನು ಕೊನೆಗಾಣಿಸಬೇಕೆಂಬ ತಜ್ಞ ಸಮಿತಿಯ ಶಿಫಾರಸನ್ನು ಅಲ್ಲಿಯ ಸರ್ಕಾರವೇ 2021ರಲ್ಲಿ ಒಪ್ಪಿಕೊಂಡಿದೆ, ವೃತ್ತಿಪರ ಬೇಟೆಗಾರರ ಸಂಘಟನೆಯಲ್ಲಿ 2017ರಲ್ಲಿ ಇದೇ ವಿಷಯಕ್ಕೆ ಒಡಕು ಮೂಡಿತು. ಅದೇ ಹಣಕ್ಕೆ ನಮೀಬಿಯಾದ ಸಾಮುದಾಯಿಕ ಭೂಮಿಯೊಂದರಲ್ಲಿ ಹತ್ತು ದಿನ ಕಾಲ್ನಡಿಗೆಯಲ್ಲಿ ಕುಡು, ಓರಿಕ್ಸ್, ಬೆಟ್ಟದ ಜೀಬ್ರಾ ಬೇಟೆಯಾಡಬಹುದು. ಹೆಜ್ಜೆ ಹಿಡಿಯುವವನಿಗೆ ಕೂಲಿಯೂ ಹಳ್ಳಿಗೆ ಮಾಂಸವೂ ಅದರಿಂದಲೇ ಸಿಗುತ್ತವೆ. ಅಂಥ ಭೂಮಿಗಳಲ್ಲಿ ಬೇಟೆ ನಡೆಸುವವರು ಮುಂದಿನ ವರ್ಷದ ದಿನಗಳನ್ನು ಸಾಮಾನ್ಯವಾಗಿ ಹಿಂದಿನ ವರ್ಷವೇ ಹಂಚಿಬಿಡುವುದರಿಂದ ಈಗಲೇ ಬರೆದು ವಿಚಾರಿಸಿ.